ಮೂರನೆಯ ಪೆಟ್ಟು

ಐದು ರಾತ್ರಿ ಗಾಳಿಯಿಲ್ಲ.
ಪೈಪ್ಸಿ ಸರೋವರ ಹೆಪ್ಪುಗಟ್ಟಿದೆ,
ಹಾಲು ಮೊಸರಾದ ಹಾಗೆ, ಯಾರೂ ನೋಡದ ಹೊತ್ತಿನಲ್ಲಿ.
ಗಡಿಗೆ ಅಲುಗಿಸಬೇಡ, ಇನ್ನೂ ಕೂತಿಲ್ಲ
ಎನ್ನುತ್ತಿದ್ದಳು ಅಮ್ಮ.
ನಾನೂ ಅದನ್ನೇ ಅಂದೆ. ಸವ್ವಾತಿ ಕೇಳಲಿಲ್ಲ.
ತಂಗಿಯ ಮಗ, ಹದಿನಾಲ್ಕು ವರ್ಷ, ಕೈಯಲ್ಲಿ ಹೊಸ ಬೈರಿಗೆ;
ಕೇಳದಿರುವುದೇ ಆ ವಯಸ್ಸಿನ ಕೆಲಸ.

ಸರಿ, ಬಾ. ಆದರೆ ನಾನು ಮುಂದೆ,
ನೀನು ಹತ್ತು ಮಾರು ಹಿಂದೆ,
ನಡುವೆ ಹಗ್ಗ. ಮುನಿಸಿದ್ದರೆ ಹಗ್ಗದ ಮೇಲೆ ತೋರಿಸು.

ಕೊರಳಿಗೆ ದಾರ ಹಾಕಿದೆ. ದಾರದ ಎರಡು ತುದಿಗೂ
ಮರದ ಹಿಡಿಯ ಮೊಳೆ, ಮೊನೆಗೆ ಕಾರ್ಕು.
"ತಾಯಿತವೇ ದೊಡ್ಡಮ್ಮ?" ಎಂದು ನಕ್ಕ.
ಅಲ್ಲವೋ, ನಿನ್ನ ಉಗುರು.
ನೀರ್ಗಲ್ಲಿನ ಅಂಚು ಒದ್ದೆ ಗಾಜು, ಬರಿಗೈಗೆ ದಕ್ಕುವುದಿಲ್ಲ.
ನಿನ್ನ ದೊಡ್ಡಪ್ಪ ಎರ್ಮೊಲಾಯ್‌ನನ್ನು ಕೇಳು,
ಎರಡು ಬೆರಳು ಇವತ್ತಿಗೂ ನೆಟ್ಟಗಾಗುವುದಿಲ್ಲ,
ಚಮಚ ಹಿಡಿದರೂ ಏನನ್ನೋ ಕೆರೆಯುವ ಹಾಗೆ ಕಾಣುತ್ತಾನೆ.
ಬಿದ್ದೆಯೋ, ಮುಂದೆ ನೋಡಬೇಡ,
ಬಂದ ದಾರಿಗೆ ತಿರುಗು; ಅಲ್ಲಿಯವರೆಗೆ ನಿನ್ನನ್ನು ಹೊತ್ತದ್ದು ಅದೇ.
ಮೊಳೆ ನೆಡು, ಕಾಲು ಬಡಿ, ಮೀನಿನ ಹಾಗೆ ಅಡ್ಡವಾಗು.
ಮೇಲೆ ಬಂದರೂ ಏಳಬೇಡ, ಉರುಳು.
ನಿಲ್ಲುವುದು ಆಮೇಲೆ. ಹೆಮ್ಮೆಯೂ ಆಮೇಲೆ.

ಈರುಳ್ಳಿ ಮಡಿಗಳು ಮುಗಿದು ದಡ,
ದಡ ಮುಗಿದು ಜೊಂಡು.
ಜೊಂಡಿನ ಬುಡದಲ್ಲಿ ನೀರ್ಗಲ್ಲು ಸುಳ್ಳು ಹೇಳುತ್ತದೆ,
ಸುತ್ತಿ ಹೋದೆವು.
ಕಪ್ಪಗೆ ಹೊಳೆಯುವುದನ್ನು ನಂಬು, ಸ್ವಲ್ಪ.
ಬೆಳ್ಳಗಿರುವುದು ಅರ್ಧ ಜೀವದ್ದು, ನೆನೆದ ಹಿಮ ಗಟ್ಟಿಯಾದದ್ದು.
ಬೂದಿ ಬಣ್ಣ ಕಂಡರೆ
ಸಾವಿನ ಮನೆಯಿಂದ ಹೊರಟ ಹಾಗೆ
ಹೋಗಿಬರುತ್ತೇನೆ ಎನ್ನದೆ ಹಿಂತಿರುಗು.

ಹಾರೆ ಎತ್ತಿ ಕುಕ್ಕಿದೆ. ಠಣ್.
ಎರಡು ಹೆಜ್ಜೆ. ಠಣ್.
ಹೆಬ್ಬಾಗಿಲು ತಟ್ಟುವವರ ಹಾಗೆ ನಡೆದೆವು,
ಒಳಗಿರುವವರು ತೆರೆಯದಿರಲಿ ಎಂದು ಬೇಡುತ್ತ.

ನಮ್ಮ ಕಡೆಯ ಲೆಕ್ಕ: ಒಂದೇ ಜಾಗಕ್ಕೆ ಮೂರು ಪೆಟ್ಟು.
ಮೊದಲಿನದಕ್ಕೇ ನೀರು ಬಂದರೆ ನೀನು ಆಗಲೇ ತಡಮಾಡಿದ್ದೀಯ.
ಎರಡಕ್ಕೆ ಬಂದರೆ ಮಲಗು, ತೆವಳು.
ಮೂರಕ್ಕೂ ಬರದಿದ್ದರೆ ಕೂರು, ಗಾಳ ಬಿಡು,
ಆದರೂ ಕಿವಿಯೊಂದು ಎಚ್ಚರವಿರಲಿ.

ಆರುನೂರು ಹೆಜ್ಜೆ ಆಗಿರಬೇಕು, ಹಾರೆಯ ದನಿ ಬದಲಾಯಿತು.
ಠಣ್ ಅಲ್ಲ, ಥಪ್. ಹುಳ ಹಿಡಿದ ಹಲಗೆ.
ಮೂರನೆಯ ಪೆಟ್ಟಿಗೆ
ಒಂದು ಚಮಚದಷ್ಟು ನೀರು ಮೇಲೆ ಬಂದು
ಸುತ್ತ ನೋಡಿತು.

ತಿರುಗು, ಎಂದೆ.
ಸವ್ವಾತಿ ಬೆರಳು ತೋರಿಸಿದ: ನಮಗಿಂತ ಬಹಳ ಆಚೆ
ನಾಲ್ಕು ಚುಕ್ಕೆ, ಪೆಟ್ಟಿಗೆಗಳ ಮೇಲೆ ಕೂತ ಗಂಡಸರು.
ಒಬ್ಬ ಕೈಯೆತ್ತಿದ, ತುದಿಯಲ್ಲಿ ಏನೋ ಮಿನುಗಿತು.
"ಅವರನ್ನು ಹೊತ್ತಿದೆಯಲ್ಲ?"
ಹೊತ್ತಿದೆ. ಅಲ್ಲಿ. ಈ ಗಳಿಗೆಗೆ.
ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರೆ;
ಇಲ್ಲಿ ಹಾಸಿಗೆ ಎಷ್ಟಿದೆಯೆಂದು
ಹಾರೆಗಷ್ಟೇ ಗೊತ್ತು.

ಹಗ್ಗ ಬಿಗಿದು ನಿಂತಿತು. ಹುಡುಗ ಕದಲಲಿಲ್ಲ.
ನಾನೂ ಎಳೆಯಲಿಲ್ಲ.
ಆಗ ನಮ್ಮ ಕಾಲಡಿ, ಎಲ್ಲೋ ದೂರದಿಂದ ಹೊರಟು,
ಹೊಸ ಬಟ್ಟೆ ಹರಿದ ಸದ್ದೊಂದು ಓಡಿಹೋಯಿತು.
ಹಗ್ಗ ಸಡಿಲಾಯಿತು.

ಸಂಜೆ ಆ ನಾಲ್ವರೂ ಬಂದರು.
ಹೌದು, ನಾಲ್ವರೂ. ಚೀಲದ ತುಂಬ ಪಟ್ಟೆಪಟ್ಟೆ ಪರ್ಚ್ ಮೀನು,
ನಮ್ಮ ಬಾಗಿಲಲ್ಲೇ ನಿಂತು ಎಣಿಸಿದರು.
ಅವರಿಗೂ ಏನೂ ಆಗಲಿಲ್ಲ, ನಮಗೂ ಏನೂ ಆಗಲಿಲ್ಲ;
ಎರಡನ್ನೂ ತಕ್ಕಡಿಗೆ ಹಾಕಿದರೆ
ಮೀನಿನಷ್ಟು ತೂಕ ಅವರದ್ದೇ ಹೆಚ್ಚು.
ಸವ್ವಾತಿ ನನ್ನ ಮುಖ ನೋಡಿದ.
ನನ್ನ ಹತ್ತಿರ ಉತ್ತರವಿರಲಿಲ್ಲ, ಈರುಳ್ಳಿ ಇತ್ತು.
ಹೆಚ್ಚಿದೆ. ಸಾರಿಗೆ ಹಾಕಿದೆ.

ಒಲೆಯ ಪಕ್ಕ ಎರ್ಮೊಲಾಯ್
ಸೊಟ್ಟ ಬೆರಳಿನಲ್ಲಿ ರೊಟ್ಟಿ ಮುರಿದು
"ಅವತ್ತು ನನ್ನ ಚೀಲವೂ ತುಂಬಿತ್ತು" ಎಂದ,
ಉಪ್ಪು ಕೇಳಿದ.

ಮಲಗುವಾಗ ಹುಡುಗ ಅಂಗಿ ಕಳಚಿದ.
ಕೊರಳ ದಾರ ಹಾಗೇ ಇತ್ತು.
ನೋಡದವಳ ಹಾಗೆ ದೀಪ ಆರಿಸಿದೆ.