ಸುಡದೆ ಉಳಿದವು

ಕುತಾಯಿಸಿಯ ಈ ಸುರಂಗದಾರಿಯಲ್ಲಿ
ತಲೆಯ ಮೇಲೆ ಬಸ್ಸು ಹೋದಾಗಲೆಲ್ಲ
ನನ್ನ ಪುಸ್ತಕಗಳು ಒಂದಿಷ್ಟು ನಡುಗುತ್ತವೆ.
ನೀನು ಬಂದದ್ದು ಇದು ಮೂರನೇ ಸಲ.
ಮುಟ್ಟುತ್ತೀ, ಮೂಸುತ್ತೀ, ಬೆಲೆ ಕೇಳದೆ ಇಟ್ಟುಬಿಡುತ್ತೀ.
ಇವತ್ತು ಅಂತೂ ಬಾಯಿ ಬಿಟ್ಟೆ:
“ಏನು ಓದಲಿ, ಝುಝುನಾ ಅಜ್ಜಿ?”

ಈ ಪ್ರಶ್ನೆ ನನ್ನ ಬಳಿ ಮೊದಲು ಬಂದದ್ದು
ತಲೆಕೆಳಗಾಗಿ.

ಕರೆಂಟು ಹೋದ ಚಳಿಗಾಲ ಅದು.
ಕೊಳವೆಯಲ್ಲಿ ಗ್ಯಾಸಿಲ್ಲ, ಪಾರ್ಕಿನಲ್ಲಿ ಬೆಂಚಿಲ್ಲ,
ಬೆಂಚುಗಳನ್ನು ನಾವೇ ಸುಟ್ಟು ಮುಗಿಸಿದ್ದೆವು.
ಮನೆಮನೆಯ ಕಿಟಕಿಯಿಂದ ತಗಡೊಲೆಯ ಮೂತಿ ಹೊರಗೆ,
ಐದು ಮಹಡಿಯ ಕಟ್ಟಡ ರೈಲಿನ ಹಾಗೆ ಹೊಗೆ ಬಿಡುತ್ತಿತ್ತು,
ಎಲ್ಲಿಗೂ ಹೋಗದೆ.
ನಾನಾಗ ಟ್ರಕ್ಕು ಕಾರ್ಖಾನೆಯ ಲೈಬ್ರರಿಯವಳು.
ಕಾರ್ಖಾನೆ ಮುಚ್ಚಿತ್ತು,
ಕೀಲಿಕೈ ಮಾತ್ರ ನನ್ನ ಕೋಟಿನ ಜೇಬಿನಲ್ಲಿ.
ನೆರೆಯವರು ಬಾಗಿಲು ತಟ್ಟಿ, ಮುಖ ಕೊಡದೆ ಕೇಳುತ್ತಿದ್ದರು:
“ಯಾವುದನ್ನು ಸುಡಬಹುದು?”

ಮೊದಮೊದಲು ಸಲೀಸು.
ಅಧಿವೇಶನಗಳ ವರದಿ, ಕೆಂಪು ರಟ್ಟು, ನುಣುಪು ಹಾಳೆ,
ಹೊಗೆ ಹೆಚ್ಚು, ಶಾಖ ಕಡಿಮೆ.
ಓದಿದಾಗಲೂ ಹಾಗೇ ಇತ್ತು.

ಆಮೇಲೆ ಕಷ್ಟ.
ಎದುರುಮನೆಯ ವೆಲ್ಡರ್ ವರ್ಲಾಮ್
ಒಂದು ದಪ್ಪ ಕಾದಂಬರಿ ಒಯ್ದ.
ಎಂಟುನೂರು ಪುಟ; ಅಂಬಿಗನ ಹೆಂಡತಿ ಹೊಳೆ ದಾಟುವ ಕತೆ,
ದಾಟುವುದು ಕೊನೇ ಪುಟದಲ್ಲಿ.
ಒಂದು ಅಧ್ಯಾಯಕ್ಕೆ ಒಂದು ಕೆಟಲ್ ನೀರು, ಲೆಕ್ಕ ಹಾಕಿದ್ದ.
ಮೂರನೇ ರಾತ್ರಿ ಬಂದು ಬಾಗಿಲು ಬಡಿದ.
“ಒಲೆಗೆ ಹಾಕುವ ಮುಂಚೆ ಕಣ್ಣು ಹಾಯಿಸಿಬಿಟ್ಟೆ ಕಣೇ.
ಅವಳ ತಂಗಿ ಯಾರ ಜೊತೆ ಓಡಿಹೋದಳು?
ಮೊದಲ ಎಪ್ಪತ್ತು ಪುಟ ಆಗಲೇ ಬೂದಿ.”
ಹಿಂದಿನಿಂದ ಅವನ ಹೆಂಡತಿಯ ದನಿ:
“ಹೊಟ್ಟೆಗೆ ಹಿಟ್ಟಿಲ್ಲ, ಇವನಿಗೆ ಅಂಬಿಗನ ನಾದಿನಿಯ ಚಿಂತೆ.”
ಹೊಸ್ತಿಲಲ್ಲೇ ನಿಂತು, ಮೇಣದಬತ್ತಿ ಹಿಡಿದು,
ಎಪ್ಪತ್ತು ಪುಟ ಬಾಯಲ್ಲಿ ಹೇಳಿದೆ.
ಹೇಳಿ ಮುಗಿಸುವ ಹೊತ್ತಿಗೆ ಬೈದವಳೂ ಬಂದು ಕೂತಿದ್ದಳು.
ಆವತ್ತು ಅವರ ಮನೆಯಲ್ಲಿ ಚಹಾ ಆಗಲಿಲ್ಲ.

ಇನ್ನೊಂದು ಕತೆಯಲ್ಲ, ತಕ್ಕಡಿಯ ಚರಿತ್ರೆ.
ಒಂದು ಕಿಲೋ ಅಂದರೆ ಇಷ್ಟೇ ಎಂದು ಗೊತ್ತುಮಾಡಿದವರು ಯಾರು,
ತೂಗುವವನ ಕೈಯನ್ನು ತೂಗಿದವರು ಯಾರು,
ಬರೀ ಇಂಥ ಪ್ರಶ್ನೆಗಳು.
ತ್ಸಿಯಾಲಾ ಅದನ್ನು ಬ್ರೆಡ್ಡಿನ ಸಾಲಿನಲ್ಲಿ ನಿಂತು ಓದಿದಳು,
ಕೈಗವಸಿನ ಒಂದು ಬೆರಳು ಕತ್ತರಿಸಿ, ಪುಟ ತಿರುವಲು.
ಹನ್ನೊಂದನೇ ದಿನ ಅವಳ ಸರದಿ ಬಂದಾಗ
ಮೆಲ್ಲಗೆ ಅಂದಳು: “ತಕ್ಕಡಿ ಎತ್ತಿ, ಅಡಿ ತೋರಿಸು.”
ಅಡಿಯಲ್ಲಿ ಅಯಸ್ಕಾಂತ.
ಆ ಪುಸ್ತಕವನ್ನು ಸುಡಲು ಮತ್ತೆ ಯಾರೂ ಕೇಳಲಿಲ್ಲ.

ನಾನೂ ಸುಟ್ಟಿದ್ದೇನೆ, ಮುಚ್ಚಿಡುವುದೇಕೆ.
ಮಗನ ಜ್ವರ ಇಳಿಯದ ರಾತ್ರಿ, ಕೈಗೆ ಸಿಕ್ಕಿದ್ದು
ನನ್ನ ದಿಂಬಿನಡಿಯ ಸಣ್ಣ ಪುಸ್ತಕ:
ತಾನೇ ಬರೆದ ತೀರ್ಪನ್ನು ಮರೆತ ನ್ಯಾಯಾಧೀಶನ ಕತೆ.
ಮಗುವಿಗಿಂತ ಪುಸ್ತಕ ದೊಡ್ಡದು ಅನ್ನುವವನು
ಏನು ಶಿಫಾರಸು ಮಾಡಿದರೂ ಕೊಳ್ಳಬೇಡ.
ಆದರೆ ಹನ್ನೆರಡು ಪುಟ ಓದುವುದು ಬಾಕಿಯಿತ್ತು.
ಮೂವತ್ತು ವರ್ಷದಿಂದ ಹುಡುಕುತ್ತಿದ್ದೇನೆ,
ಎಲ್ಲಾದರೂ ಕಂಡರೆ ಕೊನೆಯನ್ನು ಹೇಳಬೇಡ, ತಂದುಕೊಡು.

ಏನು ಓದಲಿ ಅಂದೆಯಲ್ಲ.
ದೊಡ್ಡವರು ಹೊಗಳಿದ್ದು, ಬಹುಮಾನ ಬಂದದ್ದು,
ಅವೆಲ್ಲ ಆ ಕಡೆಯ ಅಂಗಡಿಯಲ್ಲಿ, ಗಾಜಿನ ಹಿಂದೆ ಇವೆ.
ನನಗೆ ಗೊತ್ತಿರುವ ಪರೀಕ್ಷೆ ಒಂದೇ:
ಬೆರಳು ಸೆಟೆದುಹೋಗಿದ್ದಾಗಲೂ
ಒಲೆಯ ಬಾಯಿಂದ ಯಾರೋ ಹಿಂದಕ್ಕೆಳೆದದ್ದು.

ತಗೋ ಇದನ್ನು. ಅಂಚು ಕಪ್ಪಾಗಿದೆ, ನೋಡು,
ವರ್ಲಾಮ್ ಸಾಯುವ ವರ್ಷ ತಂದುಕೊಟ್ಟ.
ಮೊದಲ ಎಪ್ಪತ್ತು ಪುಟ ಇಲ್ಲ.
ಅದಕ್ಕೇ ಇಲ್ಲೊಂದು ಸ್ಟೂಲು ಇಟ್ಟಿರುವುದು.
ಕೂತುಕೋ.