ಇಷ್ಬೆಲ್ ಎಲ್ಲಿ ನಿಲ್ಲಬೇಕು

ಡಂಡೀ ಊರಿನಲ್ಲಿ ಪಟಕ್ಕೆ ನಿಲ್ಲುವವರು
ಮೊದಲು ಕೇಳುವುದು ಹಳೇ ಸೆಣಬಿನ ಗಿರಣಿಯ ಇಟ್ಟಿಗೆ ಗೋಡೆ.
ವಕೀಲರು, ಯೋಗದ ಮೇಷ್ಟ್ರು, ಮನೆ ಮಾರಿಸುವವರು,
ನಾಯಿಗೆ ಕ್ಷೌರ ಮಾಡುವ ಹುಡುಗಿ ಕೂಡ
ಆ ಕೆಂಪಿಗೆ ಒರಗಿ, ಕೈಕಟ್ಟಿ,
ಅರ್ಧ ನಕ್ಕು ಹೋಗಿದ್ದಾರೆ.
ಅಲ್ಲಿ ಸೆಣಬು ನೂತವರ ಕೆಮ್ಮು
ಯಾವ ಪಟದಲ್ಲೂ ಬಿದ್ದಿಲ್ಲ.

ಇಷ್ಬೆಲ್ ರಾಟ್ರೆ ಬಂದದ್ದು ಮಾರ್ಚಿನಲ್ಲಿ,
ಮಳೆಕೋಟು ಬಿಚ್ಚದೆಯೇ ಕೂತಳು.
ವಯಸ್ಸು ಐವತ್ತೆಂಟು. ಕಸುಬು:
ಸತ್ತವರ ಬಗ್ಗೆ ನಾಲ್ಕು ಮಾತು ಆಡುವುದು.
ಪಾದ್ರಿ ಬೇಡವೆಂದವರ ಮನೆಗೆ ಹೋಗಿ,
ಕೇಳಿ, ಬರೆದುಕೊಂಡು,
ಪೆಟ್ಟಿಗೆಯ ಪಕ್ಕ ನಿಂತು ಓದುವುದು.
"ಒಂದು ಪಟ ಬೇಕಂತೆ" ಅಂದಳು,
"ಮಗಳ ಹಟ. ಮುಖ ನೋಡದೆ ಈಗ ಯಾರೂ
ಕೊಳಾಯಿ ರಿಪೇರಿಯವನನ್ನೂ ಕರೆಯುವುದಿಲ್ಲವಂತೆ."

ನಕ್ಷೆ ಹಾಸಿದೆ ಮೇಜಿನ ಮೇಲೆ.
ಟೇ ನದಿಯ ದಂಡೆ?
"ಕೂದಲು ಕೆದರಿ, ನಾನೇ ಮುಳುಗಲು ಹೊರಟಂತಿರುತ್ತೇನೆ."
ಲಾ ಗುಡ್ಡದ ನೆತ್ತಿ, ಕೆಳಗೆ ಇಡೀ ಊರು?
"ಅಲ್ಲಿಂದ ನೋಡುವವನು ದೇವರು. ಅವನ ಕೆಲಸ ನನಗೆ ಬೇಡ."
ಗ್ರಂಥಾಲಯ, ಬೆನ್ನಿಗೆ ಪುಸ್ತಕ?
"ಓದಿದವಳು ಅಂತ ಹೆದರಿಯಾರು."
ಹೂದೋಟ?
ಉತ್ತರವನ್ನೇ ಕೊಡಲಿಲ್ಲ.
ಮಸಣ ಅಂತ ನಾನು ಅನ್ನಲಿಲ್ಲ,
ಅಂದಂತೆಯೇ ಅವಳು ನಕ್ಕಳು.

ಆದರೂ ಎರಡು ಶನಿವಾರ ಸುತ್ತಿದೆವು.
ಬ್ರಾಟಿ ಫೆರಿಯ ಕೋಟೆ ಹತ್ತಿರ ಬೆಳಕು ಬೆಣ್ಣೆಯಂತಿತ್ತು;
ಅವಳ ಮೋರೆ ಮಾತ್ರ ಹಲ್ಲಿನ ಡಾಕ್ಟರ ಬಳಿ ಬಂದ ಹಾಗೆ.
ರೈಲು ಸೇತುವೆ ಕೆಳಗೆ ಮೂವತ್ತು ಸಲ ಗುಂಡಿ ಒತ್ತಿದೆ,
ಮೂವತ್ತರಲ್ಲೂ ಯಾರೋ ಸಭ್ಯ ಹೆಂಗಸು.

ಚಿಪ್ಸ್ ತಿನ್ನುತ್ತ ಬಸ್ಸಿಗೆ ಕಾಯುವಾಗ,
ವಿನೆಗರ್ ಹತ್ತಿದ ಬೆರಳು ನೆಕ್ಕಿ ಅಂದಳು:
"ಯೋಚಿಸು, ಸ್ಟ್ರೂವನ್. ನನ್ನ ಪಟ ನೋಡುವವರು
ಯಾವತ್ತು ನೋಡುತ್ತಾರೆ?
ಹಾಸಿಗೆ ಮಡಿಸದ ಬೆಳಿಗ್ಗೆ.
ಅಪ್ಪನ ಕನ್ನಡಕ ಇನ್ನೂ ಕಿಟಕಿಯಲ್ಲಿರುವಾಗ.
ಅವರಿಗೆ ನದಿ ಯಾಕೆ, ಬೆಳಕು ಯಾಕೆ.
ಒಳಗೆ ಬಿಟ್ಟುಕೊಳ್ಳಬಹುದಾ ಇವಳನ್ನು, ಅಷ್ಟೇ ಲೆಕ್ಕ.
ನಾನು ದಿನಾ ನಿಲ್ಲುವ ಜಾಗ ಒಂದೇ:
ಕಂಡವರ ಹೊಸ್ತಿಲಿನ ಆಚೆ, ಕಾಲೊರಸಿನ ಮೇಲೆ."

ಯಾರ ಬಾಗಿಲು ಅಂತ ಹುಡುಕುವುದು?
ಅವಳದಾದರೆ ಸುಳ್ಳು, ತನ್ನ ಮನೆಗೆ ಯಾರು ಗಂಟೆ ಒತ್ತುತ್ತಾರೆ.
ಮಗಳದಕ್ಕೆ ಹೊಸ ಬಣ್ಣ, ಮುಟ್ಟಿದರೆ ಅಂಟು.
ಕೊನೆಗೆ ನನ್ನದೇ ಆಯಿತು,
ಹಿಲ್‌ಟೌನಿನ ಮೂರನೇ ಮಾಳಿಗೆ, ಹಸಿರು ಬಾಗಿಲು,
ಪತ್ರ ಹಾಕುವ ಸೀಳಿಗೆ ಹಿತ್ತಾಳೆ ಮುಚ್ಚಳ.
ಅಮ್ಮ ಅದನ್ನು ಶುಕ್ರವಾರ ಉಜ್ಜುತ್ತಿದ್ದಳು.
ಕಳೆದ ನವೆಂಬರಿನಿಂದ ಮಂಕು.
ಇದನ್ನು ಇಷ್ಬೆಲ್‌ಗೆ ನಾನು ಹೇಳಿರಲಿಲ್ಲ.
(ಆಗ ಪಾದ್ರಿಯೊಬ್ಬರು ಬಂದಿದ್ದರು,
ಅಮ್ಮನ ಹೆಸರನ್ನು ಎರಡು ಸಲ ತಪ್ಪು ಹೇಳಿದರು.)

ಕ್ಯಾಮೆರಾ ಒಳಗೆ, ತನ್ನ ಮೂರು ಕಾಲಿನ ಮೇಲೆ.
ಅವಳು ಹೊರಗೆ, ಮೆಟ್ಟಿಲ ಕತ್ತಲಲ್ಲಿ.
ಒಪ್ಪಂದ ಇಷ್ಟು: ಅವಳು ಗಂಟೆ ಒತ್ತುವುದು,
ನಾನು ಎಡಗೈಲಿ ಬಾಗಿಲು, ಬಲಗೈಲಿ ಗುಂಡಿ.
ಗಂಟೆ ಆಯಿತು. ತೆಗೆದೆ.

ಚೀಲವನ್ನು ಎರಡೂ ಕೈಯಲ್ಲಿ ಹಿಡಿದು,
ತಲೆ ತುಸು ಬಾಗಿಸಿ, ನಗದೆ,
ತಡವಾಯಿತೇನೋ ಅನ್ನುವಂತೆ ನಿಂತಿದ್ದಳು.
ಚಾವಣಿಯ ಗಾಜಿನಿಂದ ಒಂದಿಷ್ಟು ಬೂದು ಬೆಳಕು
ಅವಳ ಒದ್ದೆ ಭುಜದ ಮೇಲೆ.

ಬಲಗೈ ಮರೆತೇ ಹೋಯಿತು.
"ಬನ್ನಿ ಒಳಗೆ" ಅಂದುಬಿಟ್ಟೆ.

ಬಂದಳು. ಕಾಲೊರಸಿದಳು.
ಕೆಟಲ್ ಎಲ್ಲಿದೆ ಎಂದು ಕೇಳಲಿಲ್ಲ, ಕಂಡುಕೊಂಡಳು.
ಚೀಲದಿಂದ ಪುಸ್ತಕ ತೆಗೆದು,
ಪೆನ್ನಿನ ಮುಚ್ಚಳ ಹಲ್ಲಿನಲ್ಲಿ ಕಚ್ಚಿ,
"ಹೆಸರು ಹೇಗೆ ಬರೆಯುವುದು?" ಅಂದಳು.
ಒಂದೊಂದೇ ಅಕ್ಷರ ಹೇಳಿದೆ.

ಪಟ ಆಮೇಲೆ ತೆಗೆದೆವು, ಐದು ದಾಟಿತ್ತು,
ಬೆಳಕು ಕೆಟ್ಟಿತ್ತು.
ಮಗಳು ನೋಡಿ ಕೇಳಿದಳಂತೆ,
ಹಿಂದೆ ಏನೂ ಕಾಣುವುದೇ ಇಲ್ಲವಲ್ಲ,
ಇದಕ್ಕೆ ಎರಡು ಶನಿವಾರ ಬೇಕಿತ್ತಾ?