ಅರ್ಧ ಮುಖ

ಬಂದರಿನ ಹಿಂದೆ, ಒಣಮೀನಿನ ಗೋದಾಮಿಗೂ ಐಸ್ ಫ್ಯಾಕ್ಟರಿಗೂ
ನಡುವಿನ ಓಣಿಯಲ್ಲಿ ಇದಿನಬ್ಬ ಕಾಕನ ಗ್ಯಾರೇಜು.
ಬೋರ್ಡಿಲ್ಲ. ಮಾಡಿನ ನಾಲ್ಕು ಹಂಚು ಒಡೆದಿವೆ,
ಹತ್ತು ಗಂಟೆಯ ಬಿಸಿಲು ಅಲ್ಲಿಂದ ನೆಟ್ಟಗೆ
ಬಾನೆಟ್ಟಿನೊಳಗೆ ಬೀಳುತ್ತದೆ.

ಇವತ್ತು ಬಲ್ಲಾಳ ಡಾಕ್ಟರ ಜಾಗ್ವಾರ್.
ಅರವತ್ತೊಂದರ ಗಾಡಿ, ಕೆಸುವಿನೆಲೆಯ ಹಸಿರು.
ಆರು ಸಿಲಿಂಡರಿಗೆ ಮೂರು ಕಾರ್ಬುರೇಟರು,
ಮುಂದಿನದು, ನಡುವಿನದು, ಹಿಂದಿನದು,
ಒಂದು ಕುಡಿದರೆ ಇನ್ನೊಂದಕ್ಕೆ ಬಾಯಾರಿಕೆ.
ಕಡಲಿನ ಉಪ್ಪು ತಿಂದು ಥ್ರಾಟಲ್ ಕಡ್ಡಿ ಸವೆದು
ಸಂದಿನಲ್ಲಿ ಕಳ್ಳಗಾಳಿ ನುಗ್ಗುತ್ತಿತ್ತು;
ಜೆಪ್ಪುವಿನ ಲೇತಿನವ ಹಿತ್ತಾಳೆಯ ಬುಷ್ ಕಡೆದು ಕೊಟ್ಟ,
ಅದಕ್ಕೇ ಒಂದು ವಾರ ಹೋಯಿತು.

"ಮೊದಲು ಕೊಂಡಿ ಸಡಿಲ ಮಾಡು, ಜಸಿಂತಾ.
ಒಟ್ಟಿಗೆ ಬಿಗಿದರೆ ಮೂರೂ ಸುಳ್ಳು ಹೇಳ್ತವೆ.
ಬಿಡಿಸಿ ಒಂದೊಂದನ್ನೇ ಕೇಳಬೇಕು."

ಅರ್ಧ ಇಂಚಿನ ರಬ್ಬರ್ ಪೈಪು.
ಒಂದು ತುದಿ ಕಾರ್ಬುರೇಟರಿನ ಬಾಯಿಗೆ, ಒಂದು ಕಿವಿಗೆ.
ನಾಲ್ಕು ವರ್ಷ ಅದು ಅವರ ಕಿವಿ.
ಇವತ್ತು ನನ್ನ ಕೈಗೆ ಕೊಟ್ಟು, "ನೀನು ಹೇಳು" ಎಂದರು.

ಮುಂದಿನದು, ಕಾದ ಕಾವಲಿಗೆ ನೀರುದೋಸೆ ಹೊಯ್ದ ಹಾಗೆ.
ಹಿಂದಿನದೂ ಅದೇ, ಸ್ವಲ್ಪ ದೂರದ ಅಡುಗೆಮನೆಯಲ್ಲಿ.
ನಡುವಿನದು ಮಾತ್ರ
ಬಿಸಿ ಗಂಜಿಗೆ ಯಾರೋ ಊದಿದಂತೆ, ಬಿಟ್ಟು, ಬಿಟ್ಟು.

ಸ್ಕ್ರೂ ಕಾಲು ಸುತ್ತು. ನಿಲ್ಲು. ಕೇಳು. ಹಿಂದೆ ಬಾ.
ಪಿಸ್ಟನ್ನಿನ ಅಡಿಯ ಮೊಳೆಯನ್ನು ಕೂದಲೆಳೆಯಷ್ಟು ಎತ್ತು:
ಎಂಜಿನ್ನು ಓಡಿದರೆ ಪೆಟ್ರೋಲು ಜಾಸ್ತಿ,
ಮುಗ್ಗರಿಸಿದರೆ ಕಡಿಮೆ,
ಒಮ್ಮೆ ಬೆಚ್ಚಿ ತನ್ನ ಪಾಡಿಗೆ ಮರಳಿದರೆ ಸರಿ.
ಜೆಟ್ಟಿನ ನಟ್ಟಿಗೆ ಆರು ಮುಖ, ಕಾಕನ ಲೆಕ್ಕ ಅದರಲ್ಲೇ.
"ಎರಡು ಮುಖ ಕೆಳಗೆ. ಒಂದು ಮೇಲೆ. ಸಾಕು."

ಇಗರ್ಜಿಯ ಕ್ವಾಯರಿನಿಂದ ನನ್ನನ್ನು
ಎರಡನೇ ವಾರಕ್ಕೇ ಮನೆಗೆ ಕಳಿಸಿದ್ದರು, ಸ್ವರ ಸರಿಯಿಲ್ಲವೆಂದು.
ಸ್ವರ ಸರಿಯಿಲ್ಲವೆಂದು ನನಗೂ ಕೇಳುತ್ತಿತ್ತು.
ಎಷ್ಟು ಸರಿಯಿಲ್ಲ ಎಂಬುದೂ ಕೇಳುತ್ತಿತ್ತು.
ಅದನ್ನು ಯಾರೂ ವಿಚಾರಿಸಲಿಲ್ಲ.

"ನಿಮಗೆ ಹೇಗೆ ಕೇಳ್ತದೆ ಕಾಕ?" ಎಂದೆ, ಎಡದಿಂದ.
ಉತ್ತರವಿಲ್ಲ.
ಬಲಕ್ಕೆ ಬಂದು ಕೇಳಿದೆ, ಜೋರಾಗಿ.
ಕೈ ಒರೆಸಿಕೊಂಡರು, ಬಟ್ಟೆ ಕೈಗಿಂತ ಕೊಳೆ.
"ಟ್ರಾಲ್ ಬೋಟಿನ ಎಂಜಿನ್ ಕೋಣೆಯಲ್ಲಿ ಇಪ್ಪತ್ತು ವರ್ಷ.
ಎಡದ್ದು ಅಲ್ಲೇ ಬಿಟ್ಟು ಬಂದೆ.
ಬಲದ್ದು ಹೋದ ರಂಜಾನಿನಿಂದ ಮೆಲ್ಲ ಹೋಗ್ತಾ ಉಂಟು."
"ಮತ್ತೆ ಈ ಪೈಪು?"
"ಅದು ಗಿರಾಕಿಗೆ."

ಆಗ ಕಂಡೆ, ಎಂಜಿನ್ನಿನ ತಲೆಯ ಮೇಲೆ
ದಿನಾ ಇಟ್ಟು ಮರೆಯುತ್ತಾರೆಂದು ನಾನು ತಿಳಿದಿದ್ದ
ಆ ಸುಲೈಮಾನಿ ಗ್ಲಾಸು.
ಕಪ್ಪು ಚಹಾದ ಮೇಲೆ ನಡುಗುವ ಬಳೆಗಳು,
ಒಂದು ಪಕ್ಕಕ್ಕೆ ಓರೆಯಾಗಿ, ನಿಂಬೆಯ ಬೀಜವೊಂದು
ಅವುಗಳ ನಡುವೆ ದಾರಿ ತಪ್ಪಿ.

ಹನ್ನೆರಡಕ್ಕೆ ಬೀಜ ನಡುವಿಗೆ ಬಂದು ನಿಂತಿತು.
"ಆಯ್ತು, ಬಿಗಿ" ಎಂದರು ಕಾಕ.
ನನ್ನ ಕಿವಿಯಲ್ಲಿ ಇನ್ನೂ ಆಗಿರಲಿಲ್ಲ.
"ನಡುವಿನದಕ್ಕೆ ಅರ್ಧ ಮುಖ" ಎಂದೆ.
ಚಹಾ ನೋಡಿದರು. "ಬೇಡ."
ನಾನು ಪಾನಾ ಹಾಕಿಯೇ ಬಿಟ್ಟೆ.

ಏನೂ ಆಗಲಿಲ್ಲ. ಅಂದರೆ,
ಮೂರು ಕಡೆ ಪೈಪಿಟ್ಟರೂ ಒಂದೇ ಅಡುಗೆಮನೆ;
ಬಳೆಗಳು ಇನ್ನಷ್ಟು ಸಣ್ಣಗಾಗಿ
ಗ್ಲಾಸಿನ ಅಂಚಿಗೆ ಹತ್ತಿ ಅಲ್ಲೇ ಉಳಿದವು.
ಕಾಕ ಬಹಳ ಹೊತ್ತು ಬಗ್ಗಿ ನೋಡಿದರು.
ಆಮೇಲೆ ಗ್ಲಾಸೆತ್ತಿ, ಬೀಜ ಉಗಿದು, ಪೂರ್ತಿ ಕುಡಿದರು.

ಡಾಕ್ಟರು ಬಂದು ಒಮ್ಮೆ ರೇಸ್ ಮಾಡಿ
"ಎಂತ ಮಾಡಿದ್ರಿ? ಮೊದಲಿನ ಹಾಗೆಯೇ ಉಂಟಲ್ಲ" ಎಂದರು.
"ಹೌದು" ಎಂದರು ಕಾಕ, ಕೇಳಿಸಿತೋ ಇಲ್ಲವೋ.
"ನಾಳೆ ಬೆಳಿಗ್ಗೆ ತಣ್ಣಗಿರುವಾಗ ಇನ್ನೊಮ್ಮೆ ನೋಡ್ಬೇಕು."

ರಾತ್ರಿ ಅಮ್ಮ ಬಡಿಸುತ್ತಾ ಕೇಳಿದಳು,
ಕಿವಿಯ ಸುತ್ತ ಅದೆಂತ ಕಪ್ಪು ಉಂಗುರ?
ಸಾಬೂನು ಹಾಕಿ ತಿಕ್ಕಿದೆ.
ಅರ್ಧ ಹೋಯಿತು.